ದೊಡ್ಡವ್ವ ಹಾಕಿದ ಅಡ್ಡಿಕೆ

ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಬಸ್ಸಿನಲ್ಲಿ ಯಾರಾದರೂ ಬ್ಯಾಗಿಗೆ ಬ್ಲೇಡು ಹಾಕಬಹುದಿತ್ತು. ಆಟೊದಲ್ಲೇ ಬಿಟ್ಟು ಇಳಿದುಬಿಡಬಹುದಿತ್ತು. ಛತ್ರದ ಬಚ್ಚಲಲ್ಲಿ ಕೊಂಡಿ ಕಳಚಿ ಮೋರಿ ಸೇರಬಹುದಿತ್ತು. ಯಾರೋ ದೂರದ ನೆಂಟರು ಹೆಣ್ಣನ್ನು ತಬ್ಬಿ ಅಳುತ್ತ ಕತ್ತಿನ ಹಿಂದೆ ಕೈಚಳಕ ತೋರಿಸಬಹುದಿತ್ತು. ಇದೇನೂ ಆಗದಿದ್ದರೆ, ಭದ್ರವಾಗಿರಲಿ ಎಂದು ನಾನೇ ಎಲ್ಲಾದರೂ ಬಚ್ಚಿಟ್ಟು, ಎಲ್ಲೆಂದು ಮರೆತುಬಿಡಬಹುದಿತ್ತು...

ಪಕ್ಕದ ಮನೆ ಹುಡುಗಿಗೆ ಅವಳ ಮದುವೆಯಲ್ಲಿ ಹಾಕಲೆಂದು ಕಳೆದ ತಿಂಗಳು ನನ್ನ ಅಡ್ಡಿಕೆಯನ್ನು ಅಂಟುವಾಳದ ನೊರೆಯಲ್ಲಿ ತೊಳೆಯುತ್ತ ಯೋಚಿಸಿದ್ದು ಇದಿಷ್ಟು. ಅಡ್ಡಿಕೆಯೆಂದರೆ ನಮ್ಮ ಕಡೆಯ ಹೆಂಗಸರು ಕತ್ತಿಗೆ ಒತ್ತಿದಂತೆ ತೊಡುವ ಬಂಗಾರದ ಸರ. ವಿಮೆ ಮಾಡಿಸಿದ್ದೇನೆ, ನಿಜ. ಮನೆಯಾಚೆ ಕಳುವಾದರೂ ಕೊಡುತ್ತಾರೆ. ಬೇರೆಯವರಿಗೆ ತೊಡಲು ಕೊಟ್ಟಾಗ ಹೋದರೆ ಮಾತ್ರ ಇಲ್ಲ. ವಿಮೆ ಪತ್ರದ ಆ ಸಾಲನ್ನು ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಓದಿದೆ. ಎರಡು ಸಲವೂ ಅದೇ ಇತ್ತು. ಆದರೂ ತೊಳೆಯುತ್ತಲೇ ಇದ್ದೆ. ಅಂಟುವಾಳದ ಒಗರು ವಾಸನೆ ಮೂಗಿಗೇರಿತು, ಹೊಳೆನರಸೀಪುರದ ನಮ್ಮ ಎದುರುಮನೆ ದೊಡ್ಡವ್ವ ಬಂದು ಪಕ್ಕದಲ್ಲಿ ಕೂತಂತಾಯಿತು.

ಆ ಬೀದಿಯ ಯಾವ ಹೆಣ್ಣಿಗೆ ಮದುವೆ ಗೊತ್ತಾದರೂ ದೊಡ್ಡವ್ವ ತನ್ನ ಅಡ್ಡಿಕೆಯನ್ನು ಅಂಟುವಾಳದಲ್ಲಿ ನೆನೆಹಾಕುತ್ತಿದ್ದಳು. ಯಾರೂ ಕೇಳುವಂತಿರಲಿಲ್ಲ, ಬೇಡವೆನ್ನುವಂತೆಯೂ ಇರಲಿಲ್ಲ. ಧಾರೆಯ ಬೆಳಿಗ್ಗೆ ತಾನೇ ಬಂದು ಹಾಕುತ್ತಿದ್ದಳು. ಅವಳ ತಮ್ಮ ವಿಮೆ ಏಜೆಂಟು. ಅವನ ಕಾಟ ತಾಳಲಾರದೆ ಅಡ್ಡಿಕೆಗೆ ವಿಮೆಯನ್ನೂ ಮಾಡಿಸಿದ್ದಳು. "ಆಚೆ ಕಳ್ದೋದ್ರೂ ಕೊಡ್ತಾರಂತೆ ಕಣೇ!" ಎಂದು ಬೀದಿಗೆಲ್ಲ ಸಾರಿದ್ದಳು. ಬೀಗ ಹಾಕಿ ಮೂರು ಸಲ ಎಳೆದು ನೋಡುವ ನನಗೆ ಆಗಲೇ ಅಳುಕಿತ್ತು.

ನನ್ನ ಮದುವೆ ಅರಕಲಗೂಡಿನ ಛತ್ರದಲ್ಲಿ. ಧಾರೆ ಮುಗಿಯಿತು. ಊಟಕ್ಕೆ ಕೂರುವಾಗ ಹೂವಿನ ಹಾರಕ್ಕೆ ಸಿಕ್ಕಿಕೊಳ್ಳುತ್ತದೆಂದು ದೊಡ್ಡವ್ವ ನನ್ನ ಕತ್ತಿನಿಂದ ಅಡ್ಡಿಕೆ ಬಿಚ್ಚಿ, ಹೆಣ್ಣಿನ ಕೋಣೆಯಲ್ಲಿದ್ದ ತನ್ನ ಬ್ಯಾಗಿಗೆ ಹಾಕಿ, ಬಾಗಿಲ ಚಿಲಕ ಎಳೆದುಕೊಂಡು ಬಂದಳು. ಊಟವಾದ ಮೇಲೆ ನೋಡಿದರೆ ಬ್ಯಾಗೇ ಇಲ್ಲ. ನಾನು ಅಳಲು ಶುರುಮಾಡಿದೆ. ಅವಳು ಸೆರಗಿನಿಂದ ನನ್ನ ಕೆನ್ನೆ ಒರೆಸಿ, "ಅಳಬ್ಯಾಡ ಕೂಸೇ, ಕಾಡ್ಗೆ ಇಳೀತದೆ. ಪೋಟ ತೆಗೆಯೋನು ಕಾಯ್ತಾವ್ನೆ" ಎಂದಳು.

ಪೊಲೀಸರಿಗೆ ದೂರು ಕೊಟ್ಟದ್ದಾಯಿತು. ನಾನು ತವರಿಗೆ ಬಂದಿದ್ದಾಗ ವಿಮೆಯವರು ವಿಚಾರಣೆಗೆ ಕಳಿಸಿದ ಸರ್ವೇಯರ್ ದೊಡ್ಡವ್ವನ ಜಗುಲಿಗೆ ಬಂದರು. ಅವಳಿಗಿದ್ದ ಬಂಗಾರವೆಂದರೆ ಅದೊಂದೇ. ಅದರ ಬೆಲೆ ವಾಪಸಾಗುವುದು ಇನ್ನು ಇವರು ಬರೆಯುವುದರ ಮೇಲಿತ್ತು. ಸಭ್ಯ ಮನುಷ್ಯ, ಪಾಪ, ಉತ್ತರವನ್ನೂ ತಾವೇ ತಂದಿದ್ದರು.

"ಸರ ನಿಮ್ಮ ಕತ್ತಲ್ಲಿತ್ತು, ಊಟದ ಹೊತ್ತಿಗೆ ಬಿಚ್ಚಿಟ್ರಿ. ಅಲ್ವೇನಮ್ಮ?"

ಅವರ ಬೆನ್ನ ಹಿಂದೆ ನಿಂತ ತಮ್ಮ ತಲೆಯಾಡಿಸಿದ. "ಊಂ ಅನ್ನಕ್ಕೋ."

"ಬಿಚ್ಚಿದ್ದು ನಾನೇ ಸಾ. ಈ ಕೂಸಿನ ಕುತ್ಗೆಯಿಂದ."

"ಎರವಲು ಕೊಟ್ಟಿದ್ರೆ, ಅದು ವಾಪಸ್ ಮನೆ ಸೇರೋವರೆಗೂ ವಿಮೆ ಬರಲ್ಲಮ್ಮ..."

"ನಿನ್ ಕುತ್ಗೇಲೇ ಇತ್ತು ಅನ್ಬುಡಕ್ಕ! ಯಾರ್ ಬಂದು ನೋಡಿದ್ರು?" ತಮ್ಮ ಹಲ್ಲು ಕಚ್ಚಿಕೊಂಡೇ ಅಂದ.

ದೊಡ್ಡವ್ವನ ಮುಖ ಕೆಂಪಾಯಿತು. "ಏನ್ಲಾ ನೀ ಯೋಳದು? ಮದ್ವೆ ಎಣ್ಣು ಬರೀ ಕುತ್ಗೇಲಿ ಅಸೆಮಣೆ ಮ್ಯಾಲೆ ಕೂತಿತ್ತು, ಈ ಮುದ್ಕಿ ಅಡ್ಡಿಕೆ ಬಿಗ್ಕೊಂಡು ಮೆರೀತಿದ್ಲು ಅಂತ ಬರಸ್ಬೇಕಾ? ಆಮ್ಯಾಕೆ ಈ ಬೀದೀಲಿ ತಲೆ ಎತ್ಕೊಂಡು ತಿರುಗಕಾದದೇನ್ಲಾ?" ಆಮೇಲೆ ಸರ್ವೇಯರ್ ಕಡೆ ತಿರುಗಿದಳು. "ಬರ್ಕಳಿ ಸಾ. ಕೂಸಿಗೆ ನಾನೇ ಆಕಿದ್ದೆ. ಎರವ್ಲು ಗಿರವ್ಲು ಅನ್ಬ್ಯಾಡಿ. ಎರವ್ಲು ಕೊಡಾದು ಒನಕೆ, ಒಂದ್ರಿ."

"ಬರಲ್ಲ ಅಂತ ಗೊತ್ತಿದ್ದೂ ಹೇಳ್ತಿದ್ದೀರ?"

"ಊಂ ಸಾ. ಕಾಪಿ ಆರೋಯ್ತದೆ, ಕುಡೀರಿ."

ತಮ್ಮ ಹಣೆ ಹಣೆ ಚಚ್ಚಿಕೊಂಡ. ಸರ್ವೇಯರ್ ಕಾಫಿ ಕುಡಿದು, ಅವಳು ಹೇಳಿದಂತೆಯೇ ಬರೆದುಕೊಂಡು, ಕೈಮುಗಿದು ಹೋದರು.

ವಿಮೆ ಬರಲಿಲ್ಲ, ಅಡ್ಡಿಕೆಯೂ ಸಿಗಲಿಲ್ಲ. ಹೊಸದು ಮಾಡಿಸಿಕೊಡುತ್ತೇನೆಂದು ನಮ್ಮಪ್ಪ ಹೋದರೆ, ಅವಳು ಮುದ್ದೆ ಬಡಿಸಿ ಕಳಿಸಿದಳಂತೆ. ಕೊನೆಯವರೆಗೂ ಬರಿಯ ಕರಿಮಣಿಯಲ್ಲೇ ಇದ್ದಳು. ಬೀದಿಯಲ್ಲಿ ನಡೆಯುವಾಗ ಮಾತ್ರ ಆ ಕತ್ತು ಒಂದು ದಿನಕ್ಕೂ ಬಾಗಿದ್ದನ್ನು ನಾನು ಕಾಣೆ.

ನಾನು ಅಡ್ಡಿಕೆ ಮಾಡಿಸಿಕೊಳ್ಳುವಷ್ಟರಲ್ಲಿ ಅವಳು ಇರಲಿಲ್ಲ... ಅವಳ ಕೈಯಲ್ಲಿ ಒಮ್ಮೆ ಹಾಕಿಸಿಕೊಳ್ಳಬೇಕೆಂದಿದ್ದೆ.

ಪಕ್ಕದ ಮನೆಯವರು ಕೇಳಿರಲಿಲ್ಲ. ನಾನೇ ಚನ್ನರಾಯಪಟ್ಟಣದ ಛತ್ರಕ್ಕೆ ಒಯ್ದು, ಹುಡುಗಿಯ ಕತ್ತಿಗೆ ಹಾಕಿ, ಕೊಂಡಿ ತಿರುಗಿಸಿದೆ. ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ. ಅಡ್ಡಿಕೆ ಅರಿಸಿನದ ಗುರುತು ಹೊತ್ತು ಮನೆಗೆ ಬಂತು.

ಮೊನ್ನೆ ಮದುವೆಯ ಫೋಟೊ ಕೊಟ್ಟು ಹೋದರು. ನನ್ನ ಮದುವೆಯದನ್ನೂ ತೆಗೆದು ಪಕ್ಕದಲ್ಲಿಟ್ಟೆ. ಕಳುವಾದದ್ದು ಗೊತ್ತಾದ ಬೆನ್ನಿಗೇ ತೆಗೆದ ಆ ಫೋಟೊದಲ್ಲಿ ನನ್ನ ಕತ್ತಲ್ಲಿ ಇರುವುದು ತಾಳಿಯೊಂದೇ. ದೊಡ್ಡವ್ವ ನನ್ನ ಹೆಗಲ ಮೇಲೆ ಕೈಯಿಟ್ಟು, ಏನೂ ಹೋಗಿಲ್ಲವೆಂಬಂತೆ ನನ್ನ ಮುಖವನ್ನೇ ನೋಡಿ ನಗುತ್ತಿದ್ದಾಳೆ. ಹೊಸ ಫೋಟೊದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ಒಬ್ಬಳು ಹೆಂಗಸು ಮಾತ್ರ ಬಾಯಿ ತೆರೆದುಕೊಂಡು ಹೆಣ್ಣಿನ ಕತ್ತಿನ ಕೊಂಡಿಯನ್ನೇ ದಿಟ್ಟಿಸುತ್ತಿದ್ದಾಳೆ.

ನನ್ನಿಂದ ಕೆಟ್ಟದ್ದು ಅಷ್ಟೇ, ಒಂದು ಫೋಟೊ. ತೋರಿಸಿ ಬೈಸಿಕೊಳ್ಳೋಣವೆಂದರೆ ದೊಡ್ಡವ್ವ ಇಲ್ಲ.