ಸಾಕ್ಷಿ ಹೇಳಿ ನಿಲ್ಲಿಸಿದ ಮಾತ್ರೆ

ಮೊದಲ ಸಲ ಫಿಟ್ಸ್ ಬಂದಾಗ ನನ್ನ ಗಂಡ ಗಡ್ಡ ಬೋಳಿಸಿಕೊಳ್ಳುತ್ತಿದ್ದರು. ಆಫ್ರಿಕಾದ ಮಲಾವಿ ದೇಶದ ಒಂದು ಚಹಾ ತೋಟದ ಹಳ್ಳಿಗೆ ಮಿಷನರಿಗಳಾಗಿ ಹೋಗಿ ನಮಗೆ ಆಗ ಮೂರನೇ ವರ್ಷ. ಹೊರಗೆ ನಲ್ಲಿಯ ಹತ್ತಿರ ಏನೋ ಬಿದ್ದ ಸದ್ದು. ಓಡಿದೆ. ಕೈಕಾಲು ಸೆಟೆದು ಅದುರುತ್ತಿದ್ದವು, ಬಾಯಲ್ಲಿ ನೊರೆ. ನಾನು ಬಾಳೂರಿನ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಮಗಳು. ಕೂಲಿಯವರ ಲೈನ್ ಮನೆಗಳಲ್ಲಿ ಫಿಟ್ಸ್ ಬಂದವರ ಕೈಗೆ ಕಬ್ಬಿಣ ಹಿಡಿಸುವುದನ್ನು ನೋಡಿ ಬೆಳೆದವಳು. ನಾನೂ ಬೀಗದ ಕೈ ಹುಡುಕಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಲ್ಲಿನ ಆಸ್ಪತ್ರೆಯಲ್ಲಿ ಎಪಿಲೆಪ್ಸಿ ಎಂದರು. ದಿನಕ್ಕೆರಡು ಮಾತ್ರೆ, ಒಂದು ಹೊತ್ತೂ ತಪ್ಪಬಾರದು. ಇವರು ತಪ್ಪಿಸಲಿಲ್ಲ. ಒಂದೂವರೆ ವರ್ಷ ಫಿಟ್ಸ್ ಹತ್ತಿರ ಸುಳಿಯಲಿಲ್ಲ.

ಒಂದು ಭಾನುವಾರ ಚರ್ಚಿನಲ್ಲಿ ಸಭೆಯ ಮುಂದೆ ನಿಂತು ಸಾಕ್ಷಿ ಹೇಳಿಬಿಟ್ಟರು. ಕರ್ತನು ನನ್ನನ್ನು ಪೂರ್ತಿ ಗುಣಪಡಿಸಿದ್ದಾನೆ ಎಂದು. ಜನ ಎದ್ದು ನಿಂತು ಹಾಡಿದರು.

ಅವತ್ತೇ ಮಾತ್ರೆ ನಿಂತಿತು.

"ಸಾಕ್ಷಿ ಹೇಳಿದ ಮೇಲೆ ಮಾತ್ರೆ ನುಂಗಿದ್ರೆ ನಾನು ಸುಳ್ಳುಗಾರ ಆಗ್ತೀನಿ ಸುಗುಣ" ಅಂದರು.

"ನುಂಗದೆ ಬಿದ್ರೆ ಏನಾಗ್ತೀರಿ?" ಅಂದೆ.

ಹಾಗಂತ ನಾನೇನೂ ಸಾಚಾ ಅಲ್ಲ. ಮೂಡಿಗೆರೆಯ ನಮ್ಮ ಸಭೆಗೆ ಪ್ರತಿ ತಿಂಗಳು ಪ್ರಾರ್ಥನಾ ಪತ್ರ ಬರೆಯುತ್ತಿದ್ದವಳು ನಾನೇ. "ಸಂಪೂರ್ಣ ಸ್ವಸ್ಥತೆ" ಎಂದು ಬರೆದು ಕಳಿಸಿದೆ. ಆರಾಧನೆ ಮುಗಿದ ಮೇಲೆ ಅದನ್ನು ಗಟ್ಟಿಯಾಗಿ ಓದಿದರಂತೆ, ನಮ್ಮ ಅತ್ತೆಯವರು ಕಣ್ಣೊರೆಸಿಕೊಂಡರಂತೆ. ಕೇಳಿ ನನಗೆ ಹೆಮ್ಮೆಯೂ ಆಯಿತು. ಆ ಹೆಮ್ಮೆಯ ಮೇಲೆ ನನಗೆ ಈಗ ಎಷ್ಟು ಸಿಟ್ಟಿದೆಯೆಂದರೆ, ಇವರ ಮೇಲಿನ ಸಿಟ್ಟು ಅದರ ಮುಂದೆ ಕಡಿಮೆಯೇ.

ಅಲ್ಲಿನ ಸಭೆಯಲ್ಲಿ ಚಿಸೊಮೊ ಎಂಬ ಒಂಬತ್ತು ವರ್ಷದ ಹುಡುಗಿ ಇದ್ದಳು. ಅವಳಿಗೂ ಇದೇ ಕಾಯಿಲೆ, ಇದೇ ಮಾತ್ರೆ. ಪಾದ್ರಿಗಳೇ ಬಿಟ್ಟರಲ್ಲ ಎಂದು ಅವಳ ತಾಯಿಯೂ ಮಗಳಿಗೆ ಮಾತ್ರೆ ನಿಲ್ಲಿಸಿದಳು.

ಮೂರನೇ ವಾರ ಆ ಮಗು ಉರಿಯುವ ಒಲೆಗೆ ಬಿತ್ತು.

ಬಲಗೈ ಮೊಣಕೈವರೆಗೆ ಸುಟ್ಟಿತ್ತು. ನಾವು ಆಸ್ಪತ್ರೆಗೆ ಹೋದಾಗ ತಾಯಿ ಇವರ ಕೈ ಹಿಡಿದು, "ನನ್ನ ನಂಬಿಕೆ ಕಡಿಮೆಯಾಯಿತು ಪಾದ್ರಿಗಳೇ, ಕ್ಷಮಿಸಿ" ಅಂದಳು. ಕ್ಷಮೆ ಕೇಳಿದ್ದು ಅವಳು! ಇವರು ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು, ಅಷ್ಟೇ. ನನ್ನ ಮೈಯೆಲ್ಲ ಉರಿದುಹೋಯಿತು. ಆದರೆ ನಾನೂ ಬಾಯಿ ಬಿಡಲಿಲ್ಲ.

ಹತ್ತು ದಿನ ಕಳೆದು ಇವರಿಗೆ ಒಂದೇ ಬೆಳಗ್ಗೆ ಎರಡು ಸಲ ಫಿಟ್ಸ್ ಬಂತು. ನಾಲಿಗೆ ಕಚ್ಚಿಕೊಂಡು ರಕ್ತ, ಭುಜದ ಕೀಲು ತಪ್ಪಿತು. ನಮ್ಮನ್ನು ಕಳಿಸಿದ ಸಂಸ್ಥೆ ಊರಿಗೆ ವಾಪಸು ಕರೆಸಿಕೊಂಡಿತು. ಮಂಗಳೂರಿನಲ್ಲಿ ಇಇಜಿ, ಸ್ಕ್ಯಾನ್ ಎಲ್ಲ ಆಯಿತು.

"ಮಾತ್ರೆ ಬಿಡಿ ಅಂತ ಯಾರು ಹೇಳಿದ್ದು?" ಡಾಕ್ಟರ್ ಕೇಳಿದರು.

ಇವರು ನೆಲ ನೋಡಿದರು. "ಇವರಿಗೆ ಇವರೇ ಹೇಳ್ಕೊಂಡ್ರು ಡಾಕ್ಟ್ರೇ" ಅಂದೆ.

ಮತ್ತೆ ಮಾತ್ರೆ ಶುರು. ಅದೂ ಕದ್ದು. ಮೂಡಿಗೆರೆಯ ಮನೆಯಲ್ಲಿ ಹೆತ್ತ ತಾಯಿಗೂ ಕಾಣದಂತೆ ಬಚ್ಚಲಿಗೆ ಹೋಗಿ ನುಂಗುತ್ತಿದ್ದರು. ನಾನು ಮಲಾವಿಗೆ ಫೋನ್ ಮಾಡಿ ಚಿಸೊಮೊಳ ತಾಯಿಗೆ, ಮಗಳಿಗೆ ಮಾತ್ರೆ ಕೊಡಮ್ಮ, ಇವರೂ ತಗೊಳ್ತಿದ್ದಾರೆ ಎಂದು ಬೇಡಿಕೊಂಡೆ. ಅವಳು ನಂಬಲಿಲ್ಲ. "ಪಾದ್ರಿಗಳು ತಾವೇ ಹೇಳಲಿ, ಆಗ ಕೊಡ್ತೇನೆ" ಅಂದಳು.

ಇವರು ಇವತ್ತು, ನಾಳೆ ಎಂದು ಮುಂದೂಡಿದರು. "ಹೇಳಿದ್ರೆ ಆಮೇಲೆ ನನ್ನ ಮಾತು ಯಾರು ಕೇಳ್ತಾರೆ?"

"ಆ ಮಗು ನಿಮ್ಮ ಮಾತಿಗೇ ಕಾಯ್ತಾ ಕೂತಿದೆ ಕಣ್ರೀ. ಇನ್ನೊಂದು ಸಲ ಬಿದ್ರೆ ಕೈಯಲ್ಲ, ಜೀವ ಹೋಗುತ್ತೆ."

ಅಷ್ಟರಲ್ಲಿ ಸಭಾ ಹಿರಿಯರೊಬ್ಬರು ಮನೆಗೆ ಬಂದರು. ಭಾನುವಾರ ಇವರು ಸಾಕ್ಷಿ ಹೇಳಬೇಕಂತೆ. ಇವರು ಮತ್ತೆ ಮಾತ್ರೆ ತಗೊಳ್ತಿದ್ದಾರೆ ಎಂದು ನಾನೇ ಅವರಿಗೆ ಹೇಳಿಬಿಟ್ಟೆ. "ಈ ಮಾತ್ರೆ ಸುದ್ದಿಯೆಲ್ಲ ಅಲ್ಲಿ ಬೇಡ ಮಾರಾಯ್ರೇ, ಹೊಸ ವಿಶ್ವಾಸಿಗಳು ಎಡವ್ತಾರೆ" ಅಂದರು.

"ಅಲ್ಲೊಂದು ಮಗು ಎಡವಿದ್ದಲ್ಲ, ಬೆಂಕಿಗೇ ಬಿದ್ದಿದೆ" ಅಂದೆ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಹೋಗಲಿ.

ಭಾನುವಾರ ಇವರು ಎದ್ದು ನಿಂತು ಎಲ್ಲರಿಗೂ ವಂದನೆ ಹೇಳಿದರು. "ಕರ್ತನು ನನ್ನನ್ನು..." ಎಂದು ನಿಂತುಬಿಟ್ಟರು. ಬೆಳಗ್ಗೆ ಮನೆ ತುಂಬ ನೆಂಟರಿದ್ದರೆಂದು ಮಾತ್ರೆಯನ್ನೂ ಬಿಟ್ಟಿದ್ದರು. ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ನೀರಿನ ಲೋಟ, ಮಾತ್ರೆ ಎರಡನ್ನೂ ಅವರ ಬೈಬಲ್ ಪಕ್ಕ ಇಟ್ಟೆ. ಇವರು ನನ್ನ ಮುಖ ನೋಡಿದರು. ಆಮೇಲೆ ಎಲ್ಲರ ಮುಂದೆ ನುಂಗಿದರು.

"ನಾನು ಗುಣ ಆಗಿಲ್ಲ. ಆಗಿದೀನಿ ಅಂತ ಹೇಳ್ದೆ. ನನ್ನ ಮಾತು ನಂಬಿ ಒಂದು ಮಗು ಸುಟ್ಕೊಂಡಿದೆ" ಅಂದರು. ನಾನು ಫೋನಿನಲ್ಲಿ ರೆಕಾರ್ಡ್ ಒತ್ತಿ ಅವರ ಮುಂದೆ ಹಿಡಿದೆ. ಅದನ್ನೇ ಆ ತಾಯಿಯ ಭಾಷೆಯಲ್ಲಿ ಫೋನಿಗೆ ಹೇಳಿದರು, ಮಾತ್ರೆ ಕೊಡು ಎಂದೂ ಹೇಳಿದರು. ಯಾರೂ ಹಾಡಲಿಲ್ಲ. ಅತ್ತೆಯವರು ಮಾತ್ರ ಹತ್ತಿರ ಬಂದು ಮಗನ ಭುಜ ಸವರಿದರು.

ಮರುದಿನ ಮಲಾವಿಯಿಂದ ಆ ತಾಯಿಯ ಧ್ವನಿಯಲ್ಲೇ ಉತ್ತರ ಬಂತು. ಮಗಳಿಗೆ ಮಾತ್ರೆ ಶುರು ಮಾಡಿದ್ದಾಳೆ. ನಾನು ದೇವರಿಗೆ ಸ್ತೋತ್ರ ಅಂದೆ, ಮನಸಾರೆ ಅಂದೆ. ಆದರೆ ಆ ಧ್ವನಿ ಅಲ್ಲಿಗೇ ಮುಗಿಯಲಿಲ್ಲ. ಕೊನೆಗೆ ಆ ತಾಯಿ ಒಂದು ಪ್ರಶ್ನೆ ಕೇಳಿದ್ದಳು.

"ನನ್ನ ಮಗಳು ಆಸ್ಪತ್ರೆಯಲ್ಲಿ ಮಲಗಿದ್ದಾಗ ಬಂದಿರಲ್ಲ ಪಾದ್ರಿಗಳೇ, ಮಾತ್ರೆ ಕೊಡು ಅಂತ ಅವತ್ತೇ ಯಾಕೆ ಹೇಳಲಿಲ್ಲ?"