‘ನನಗೆ ಬೇಕು’ ಅನ್ನದವಳ ಟ್ಯಾಬ್ಲೆಟ್

ಅಮ್ಮನಿಗೆ ಲಕ್ವ ಹೊಡೆದಾಗ ಬಲಗಾಲು, ಬಲಗೈ, ಮಾತು ಮೂರೂ ಒಟ್ಟಿಗೆ ಹೋದವು. ಕಾಲು ನಿಧಾನವಾಗಿ ಬಂತು. ಕೈ ಅರ್ಧ ಬಂತು. ಮಾತು ಬರಲೇ ಇಲ್ಲ. ಕಿವಿ ಚೆನ್ನಾಗಿ ಕೇಳುತ್ತದೆ, ಹೇಳಿದ್ದೆಲ್ಲ ಅರ್ಥವಾಗುತ್ತದೆ, ಬೀದಿಯಲ್ಲಿ ಯಾರು ಯಾರ ಮನೆಗೆ ಹೋದರೆಂಬುದೂ ಗೊತ್ತಾಗುತ್ತದೆ. ಬಾಯಿ ತೆರೆದರೆ ಮಾತ್ರ ‘ಆ... ಆ...’ ಎನ್ನುವ ಒಂದೇ ಸದ್ದು. ಊರಿಗಾಂನ ಚಿನ್ನದ ಗಣಿಯವರಿಗೆಂದು ಸಾಲಾಗಿ ಕಟ್ಟಿದ ನಮ್ಮ ಲೈನ್ ಮನೆಗಳಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಕೂತಲ್ಲಿಂದಲೇ ಮಾತಾಡಿಸುತ್ತಿದ್ದ ಹೆಂಗಸು ಇವಳು.

ಮನೆಯಲ್ಲಿ ನಾವಿಬ್ಬರೇ. ನಾನು ಬೆಳಿಗ್ಗೆ ಟ್ರೈನು ಹತ್ತಿ ಬಂಗಾರಪೇಟೆಗೆ ಹೋಗಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿ ಸಂಜೆ ವಾಪಸು ಬರುತ್ತೇನೆ. ಅಲ್ಲಿಯವರೆಗೆ ಪಕ್ಕದ ಮನೆಯ ತಮಿಳು ಹೆಂಗಸು ಆಗಾಗ ಬಂದು ನೋಡಿಕೊಳ್ಳುತ್ತಾಳೆ. ಅಮ್ಮನಿಗೆ ಹೊಟ್ಟೆ ಹಸಿದಿದೆಯೋ, ಎಲ್ಲಾದರೂ ನೋಯುತ್ತಿದೆಯೋ ಅವಳಿಗೆ ತಿಳಿಯುವುದು ಹೇಗೆ? ಅದೇ ನನಗೆ ಚಿಂತೆಯಾಗಿತ್ತು. ಕೋಲಾರದ ಆಸ್ಪತ್ರೆಯಲ್ಲಿ ಮಾತಿನ ಅಭ್ಯಾಸ ಮಾಡಿಸುವ ಮೇಡಂ ಹೇಳಿದರು: “ಒಂದು ಟ್ಯಾಬ್ಲೆಟ್ ತಗೊಳ್ಳಿ. ಚಿತ್ರ ಒತ್ತಿದರೆ ಮಾತಾಡುವ ಆ್ಯಪ್ ಇದೆ. ತುಂಬಾ ಸುಲಭ.”

ಸುಲಭ! ಆ ಮಾತು ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ.

ಡಬ್ಬಿಯಿಂದ ತೆಗೆದಾಗ ಆ ಆಂಡ್ರಾಯ್ಡ್ ಟ್ಯಾಬ್ಲೆಟ್ಟಿನಲ್ಲಿ ಅಮ್ಮನಿಗೆ ಬೇಕಾದದ್ದೊಂದನ್ನು ಬಿಟ್ಟು ಮಿಕ್ಕೆಲ್ಲ ಇತ್ತು. ಆಟಗಳು, ಸುದ್ದಿ, ಅಂಗಡಿ, ಯಾವುದೋ ಊರಿನ ಹವಾಮಾನ. ಕೆಲವನ್ನು ಅಳಿಸಿದೆ. ಕೆಲವು ಅಳಿಸಲು ಬರುವುದಿಲ್ಲ, ಬೇಕಾದರೆ ನಿಷ್ಕ್ರಿಯ ಮಾಡಿಕೋ ಎಂದವು. ದುಡ್ಡು ಕೊಟ್ಟು ತಂದವಳು ನಾನು, ಅದರೊಳಗೆ ಯಾರಿರಬೇಕೆಂದು ಹೇಳುವವರು ಬೇರೆ ಯಾರೋ. ಟ್ರೈನಿನಲ್ಲಿ ಕೂತು ಫೋನಿನಲ್ಲಿ ವಿಡಿಯೋ ನೋಡಿ ಒಂದೊಂದೇ ಕಲಿತೆ. ‘ಫ್ರೆಂಡ್ಸ್, ತುಂಬಾ ಸಿಂಪಲ್’ ಎಂದು ಶುರು ಮಾಡುವ ಆ ಹುಡುಗರ್ಯಾರೂ ಲಕ್ವ ಹೊಡೆದ ಕೈಗಾಗಿ ಹೇಳುತ್ತಿರಲಿಲ್ಲ. ಬ್ಯಾಟರಿ ಉಳಿಸುವುದು, ವಾಲ್‌ಪೇಪರ್ ಬದಲಿಸುವುದು, ಅಷ್ಟೇ ಅವರ ಲೋಕ.

ಅಮ್ಮ ಎಡಗೈಯ ಬೆರಳು ಎತ್ತಿ ಚಿತ್ರದ ಹತ್ತಿರ ತರುವಷ್ಟರಲ್ಲಿ ಪರದೆ ಆರಿಹೋಗುತ್ತಿತ್ತು. ಆರುವ ಸಮಯ ಹೆಚ್ಚಿಸಿದೆ. ಮಡಿಲಲ್ಲಿ ಸ್ವಲ್ಪ ವಾಲಿದರೆ ಸಾಕು, ಪರದೆ ಅಡ್ಡ ತಿರುಗಿ ಚಿತ್ರಗಳೆಲ್ಲ ಜಾಗ ಬಿಟ್ಟು ಓಡುತ್ತಿದ್ದವು. ತಿರುಗುವುದನ್ನು ನಿಲ್ಲಿಸಿದೆ. ಅವಳ ಬೆರಳು ಒತ್ತಿದ ಕಡೆಯೇ ಕೂತುಬಿಡುತ್ತದೆ. ಇವಳು ಐಕಾನನ್ನು ಎತ್ತಿ ಎಲ್ಲಿಗೋ ಸಾಗಿಸಬೇಕೆಂದಿದ್ದಾಳೆ ಎಂದುಕೊಂಡು ಟ್ಯಾಬ್ಲೆಟ್ ಅದನ್ನು ಕಿತ್ತು ಕೈಗೆ ಕೊಡುತ್ತಿತ್ತು. ಸಂಜೆ ಬಂದು ನೋಡಿದರೆ ಆ್ಯಪ್ಪೇ ಮುಂದಿನ ಪರದೆಯಿಂದ ಮಾಯ. ಆಕ್ಸೆಸಿಬಿಲಿಟಿ ಎಂಬ ಮೂಲೆಯಲ್ಲಿ, ಬೆರಳು ಎಷ್ಟು ಹೊತ್ತು ನಿಂತರೆ ‘ಒತ್ತಿ ಹಿಡಿದಂತೆ’ ಎಂದು ತಿಳಿಯಬೇಕು ಎನ್ನುವುದನ್ನು ನಾವೇ ನಿಗದಿ ಮಾಡಬಹುದು ಎಂದು ಗೊತ್ತಾಗುವ ಹೊತ್ತಿಗೆ ನನಗೆ ಸಾಕುಬೇಕಾಗಿತ್ತು. ಇಷ್ಟು ಬೇಕಾದ ವಿಷಯವನ್ನು ಅಷ್ಟು ಒಳಗೆ ಯಾಕೆ ಬಚ್ಚಿಡುತ್ತಾರೋ ಆ ದೇವರಿಗೇ ಗೊತ್ತು.

ಬೇರೆಲ್ಲಿಗೂ ಜಾರದಂತೆ ಆ ಒಂದು ಆ್ಯಪ್ಪಿಗೇ ಪರದೆಯನ್ನು ಪಿನ್ ಮಾಡಿದೆ. ಆಮೇಲೆ ಅದರಿಂದ ಹೊರಗೆ ಬರುವ ದಾರಿ ನನಗೇ ತಿಳಿಯದೆ ಒಂದು ಭಾನುವಾರವೆಲ್ಲ ಹಾಳಾಯಿತು. ಪಾತ್ರೆ ತಿಕ್ಕಿ ತಿಕ್ಕಿ ಒರಟಾದ ಅಮ್ಮನ ಬೆರಳನ್ನು ಗಾಜು ಎಷ್ಟೋ ಸಲ ಗುರುತಿಸುತ್ತಲೇ ಇರಲಿಲ್ಲ. ಸ್ಪರ್ಶದ ಸೂಕ್ಷ್ಮತೆ ಹೆಚ್ಚಿಸಿದೆ. ಬೇಸಿಗೆಯ ಗಾಳಿಗೆ ಗಣಿಯ ಮಣ್ಣು ಸುರಿದ ಗುಡ್ಡದಿಂದ ಏಳುವ ಬಿಳಿ ದೂಳು ಪರದೆಯ ಮೇಲೆ ಕೂತರೆ ಅದೂ ವ್ಯರ್ಥ. ದಿನಾ ಒರೆಸಿಟ್ಟು ಟ್ರೈನಿಗೆ ಓಡುತ್ತಿದ್ದೆ.

ಅಂತೂ ಎಲ್ಲ ಸರಿಹೋಯಿತು. ಆ್ಯಪ್ಪಿನಲ್ಲಿದ್ದ ಗಾಜಿನ ಲೋಟದ ಚಿತ್ರ ತೆಗೆದು ನಮ್ಮ ಸ್ಟೀಲ್ ಲೋಟದ ಫೋಟೋ ಹಾಕಿದೆ. ನಮ್ಮ ಅನ್ನದ ತಟ್ಟೆ, ನಮ್ಮ ಬಚ್ಚಲ ಬಾಗಿಲು, ನಮ್ಮ ಫ್ಯಾನು. ಮುಟ್ಟಿದರೆ ಯಂತ್ರದ ಹೆಂಗಸು ವಾರ್ತೆ ಓದುವವಳಂತೆ ಹೇಳುತ್ತಿದ್ದಳು: ‘ನನಗೆ ನೀರು ಬೇಕು. ನನಗೆ ಹಸಿವಾಗಿದೆ. ನನಗೆ ನೋವಾಗುತ್ತಿದೆ.’ ಅಮ್ಮನ ಮುಂದೆ ಇಟ್ಟು, ಹೊಸ ಸೀರೆ ತೋರಿಸುವವಳಂತೆ ಒಂದೊಂದನ್ನೇ ಒತ್ತಿ ತೋರಿಸಿದೆ.

ಅಮ್ಮ ಪೂರ್ತಿ ಕೇಳಿದಳು. ಸೆರಗು ಎಳೆದು ಟ್ಯಾಬ್ಲೆಟ್ಟಿನ ಮೇಲೆ ಮುಚ್ಚಿದಳು.

ಅರ್ಥವಾಗಿಲ್ಲವೇನೋ ಎಂದು ಮತ್ತೆ ತೋರಿಸಿದೆ. ಮತ್ತೆ ಮುಚ್ಚಿದಳು. ದಿನಗಳು ಹೋದವು. ನಾನಿಟ್ಟ ಕಡೆಯೇ ಅದು ಇರುತ್ತಿತ್ತು, ಬ್ಯಾಟರಿ ಕೂಡ ಇಳಿದಿರುತ್ತಿರಲಿಲ್ಲ. ಒಂದು ದಿನ ತಡೆಯಲಾಗದೆ ಅವಳ ಬೆರಳು ಹಿಡಿದು ಲೋಟದ ಮೇಲೆ ಒತ್ತಿಸಿದೆ. “ನಿಂಗೋಸ್ಕರ ಇಷ್ಟೆಲ್ಲಾ ಒದ್ದಾಡಿವ್ನಿ, ಒಂದ್ ಸಲ ಒತ್ತಕ್ಕಾಗಲ್ವಾ?” ಎಂದು ಕೂಗಾಡಿದೆ. ಅವಳು ಕೈ ಕಿತ್ತುಕೊಂಡು ಗೋಡೆಯ ಕಡೆ ತಿರುಗಿದಳು. ಇವಳಿಗೆ ಹಟ ಎಂದು ನಾನು ತೀರ್ಮಾನ ಮಾಡಿದೆ.

ಆಮೇಲೆ ಒಂದು ಭಾನುವಾರ ಪಕ್ಕದ ಮನೆಯಾಕೆ ನಮ್ಮ ಪಾತ್ರೆ ವಾಪಸು ಕೊಡಲು ಬಂದಳು. ಖಾಲಿ ಕೊಡಬಾರದೆಂದು ಅದರಲ್ಲಿ ಎರಡು ನಿಂಬೆಹಣ್ಣು ಹಾಕಿ ತಂದಿದ್ದಳು. ಕೂತು ಸ್ವಲ್ಪ ಹೊತ್ತು ಮಾತಾಡಿ, “ಬರ್ತೀನಿ ಅಕ್ಕಾ, ಇನ್ನೂ ಅನ್ನಕ್ಕೇ ಇಟ್ಟಿಲ್ಲ” ಎಂದು ಎದ್ದಳು. ಊಟದ ಹೊತ್ತು. ನಮ್ಮ ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

ಅಮ್ಮ ‘ಆ... ಆ...’ ಎಂದಳು. ಪಕ್ಕದ ಮನೆಯಾಕೆ ತಿಳಿಯದೆ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳತೊಡಗಿದಳು. ಆಗ ಅಮ್ಮ, ಯಾರೂ ಹೇಳದೆ, ತಾನೇ ಕೈ ಚಾಚಿ ಟ್ಯಾಬ್ಲೆಟ್ ಎಳೆದುಕೊಂಡಳು. ನಾನು ನೋಡುತ್ತಾ ನಿಂತೆ. ಒಂದು ಪುಟ ಸರಿಸಿದಳು, ಇನ್ನೊಂದು ಸರಿಸಿದಳು. ನೀರು, ಮಾತ್ರೆ, ಬಚ್ಚಲು, ಫ್ಯಾನು. ಹಿಂದಕ್ಕೆ ಬಂದಳು, ಮತ್ತೆ ಮುಂದಕ್ಕೆ ಹೋದಳು. ಏನನ್ನೋ ಹುಡುಕುತ್ತಿದ್ದಳು, ಅದು ಎಲ್ಲೂ ಇರಲಿಲ್ಲ. ಕೊನೆಗೆ ಅನ್ನದ ತಟ್ಟೆಯನ್ನು ಒತ್ತಿದಳು.

‘ನನಗೆ ಹಸಿವಾಗಿದೆ’ ಎಂದಿತು ಯಂತ್ರ, ದೊಡ್ಡ ದನಿಯಲ್ಲಿ.

“ಅಯ್ಯೋ ಪಾವಂ! ಅಕ್ಕನಿಗೆ ಹಸಿವಂತೆ. ಮೊದಲು ಊಟ ಹಾಕಮ್ಮಾ” ಎಂದು ನನಗೆ ಹೇಳಿ ಅವಳು ಹೊರಟೇಹೋದಳು.

ಅಮ್ಮನ ಮುಖ ನೋಡಲಾಗಲಿಲ್ಲ. ಊಟದ ಹೊತ್ತಿಗೆ ಮನೆಗೆ ಬಂದವಳನ್ನು ಉಣ್ಣು ಎನ್ನಲಾಗದೆ ಕಳಿಸಿದ್ದೂ ಅಲ್ಲದೆ, ಅವಳ ಮುಂದೆಯೇ ತನಗೆ ಅನ್ನ ಹಾಕಿ ಎಂದು ಕೇಳಿದಂತಾಗಿತ್ತು. ಟ್ಯಾಬ್ಲೆಟ್ಟನ್ನು ಮಂಚದ ತುದಿಗೆ ತಳ್ಳಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು.

ನಮ್ಮ ಮನೆಯ ಹೆಂಗಸರು ‘ನನಗೆ ಬೇಕು’ ಎನ್ನುವುದಿಲ್ಲ. ಅಜ್ಜಿ ಅಂದವಳಲ್ಲ, ಅಮ್ಮ ಅಂದವಳಲ್ಲ. ಬಾಯಾರಿದರೆ ‘ಕುಡಿಯೋ ನೀರ್ ತುಂಬಿದ್ರಾ?’ ಎನ್ನುತ್ತಾರೆ. ಕಾಲು ನೋಯುತ್ತಿದ್ದರೆ ಇವತ್ತು ಬಿಸಿಲು ಜಾಸ್ತಿ ಎನ್ನುತ್ತಾರೆ. ಮದುವೆ ಮನೆಯಲ್ಲಿ ಕಡೇ ಪಂಕ್ತಿಗೆ ಕೂತು, ಬಡಿಸುವವರು ಬರುವ ಮೊದಲೇ ಎಲೆಗೆ ಕೈ ಅಡ್ಡ ಹಿಡಿದು ಸಾಕು ಸಾಕು ಎನ್ನುತ್ತಾರೆ. ಇದೆಲ್ಲ ನನಗೆ ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದ್ದೂ, ಅಂಥ ಹೆಂಗಸಿನ ಕೈಗೆ ಪುಟದ ತುಂಬಾ ‘ನನಗೆ ಬೇಕು, ನನಗೆ ಬೇಕು’ ಎನ್ನುವ ಯಂತ್ರ ಕೊಟ್ಟು, ಒತ್ತು ಎಂದು ಬೈದಿದ್ದೆ.

ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು. ಬೇತಮಂಗಲದಿಂದ ಚಿಕ್ಕಮ್ಮನನ್ನು ಕರೆಸಿದೆ. ಅಮ್ಮನ ತಂಗಿ; ಫೋನಿನಲ್ಲಿ ಮಾತಾಡಿದರೆ ಅಮ್ಮನೋ ಚಿಕ್ಕಮ್ಮನೋ ಎಂದು ನನಗೇ ತಿಳಿಯುತ್ತಿರಲಿಲ್ಲ, ಅಂಥ ದನಿ. ಒಳಕೋಣೆಯಲ್ಲಿ ಫ್ಯಾನು ಆರಿಸಿ, ಬಾಗಿಲು ಹಾಕಿ, ಅವಳ ದನಿ ರೆಕಾರ್ಡ್ ಮಾಡಲು ಟ್ಯಾಬ್ಲೆಟ್ ಮುಂದಿಟ್ಟು ಹೇಳು ಎಂದೆ.

“ಇದ್ರಾಗೆ ಏಳಿದ್ರೆ ನನ್ ಮಾತೂ ಇದ್ರೊಳಕ್ಕೇ ಒಂಟೋಯ್ತದೇನೇ?” ಎಂದು ಚಿಕ್ಕಮ್ಮ ನಕ್ಕಳು.

“ಒಂಟೋದ್ರೆ ಊರೇ ತಣ್ಣಗಾಯ್ತದೆ, ಏಳು ಚಿಕ್ಕಮ್ಮ.”

ಹೇಳು ಎಂದಾಗ ಬಾಯಿ ಕಟ್ಟುತ್ತಿತ್ತು, ನಿಲ್ಲಿಸು ಎಂದಾಗ ಮಾತು ಹೊಳೆಯುತ್ತಿತ್ತು. ನಡುವೆ ಸೊಪ್ಪಿನ ಗಾಡಿಯವನು ಮೈಕಿನಲ್ಲಿ ಕೂಗಿದ. ಆ ಕೂಗೂ ಒಂದರಲ್ಲಿ ಸೇರಿಕೊಂಡಿದೆ. ‘ಉಂಡ್ಯಾ?’ ಎನ್ನುವುದಕ್ಕೆ ಮೊದಲ ಜಾಗ ಕೊಟ್ಟೆ. ಪಕ್ಕದ ಮನೆಯಾಕೆಗೆ ಅದನ್ನೇ ತಮಿಳಿನಲ್ಲಿ, ‘ಸಾಪ್ಟಿಯಾ?’. ಆಮೇಲೆ ‘ಉಂಡ್ಕಂಡೋಗು, ಅದೇನ್ ಅವಸ್ರ?’, ‘ಯಾರದು ಬಾಗ್ಲಾಗೆ?’, ‘ಬಿರ್ನೆ ಬಾ.’ ಎಲ್ಲ ಮುಗಿದ ಮೇಲೆ ಚಿಕ್ಕಮ್ಮ ತಾನಾಗಿ ಇನ್ನೊಂದು ಸೇರಿಸಿದಳು: ‘ನಂಗೇನಾಗೈತೆ? ಸೆಂದಾಕಿವ್ನಿ, ಓಗು.’ ಪಕ್ಕದಲ್ಲೇ ಕೂತಿದ್ದ ಅಮ್ಮ ಎಡಗೈಯಿಂದ ತೊಡೆ ತಟ್ಟಿಕೊಂಡು ನಕ್ಕಳು. ಕಾಯಿಲೆ ಬಿದ್ದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಅವಳು ನಗುವ ಫೋಟೋವನ್ನೇ ತೆಗೆದು ಆ ಮಾತಿಗೆ ಇಟ್ಟೆ.

ಮಾರನೆಯ ದಿನದಿಂದ ಮನೆ ಗದ್ದಲವೋ ಗದ್ದಲ. ಹಾಲಿನವನಿಗೆ ಉಂಡ್ಯಾ, ಗ್ಯಾಸಿನವನಿಗೆ ಉಂಡ್ಯಾ, ಕರೆಂಟ್ ಬಿಲ್ಲಿನವನಿಗೆ ಉಂಡ್ಕಂಡೋಗು. ಸಂಜೆ ಬ್ಯಾಟರಿ ಕೆಂಪಗೆ ಇಳಿದಿರುತ್ತಿತ್ತು. ಪಕ್ಕದ ಮನೆಯಾಕೆ ಮೊದಲ ಸಲ ‘ಸಾಪ್ಟಿಯಾ?’ ಕೇಳಿ ಬಾಗಿಲಲ್ಲೇ ಕುಸಿದು ಕೂತು ಅತ್ತಳಂತೆ. ನಾನು ಗೆದ್ದೆ ಎಂದುಕೊಂಡೆ. ಆಸ್ಪತ್ರೆಯ ಮೇಡಂಗೂ ಜಂಬದಿಂದ ಹೇಳಿಬಂದೆ. ಹಸಿವು, ನೋವಿನ ಚಿತ್ರಗಳನ್ನು ಎರಡನೆಯ ಪುಟದಲ್ಲಿ ಹಾಗೇ ಬಿಟ್ಟಿದ್ದೆ; ಇವತ್ತಲ್ಲ ನಾಳೆ ಅದಕ್ಕೂ ಬರುತ್ತಾಳೆ ಎಂದು ನಂಬಿದ್ದೆ.

ಹೋದ ವಾರ ಕ್ಲಾಸಿನಲ್ಲಿ ಹುಡುಗಿಯರ ಪರೀಕ್ಷೆಯ ಬ್ಲೌಸ್ ನೋಡುತ್ತಾ ಮಧ್ಯಾಹ್ನದ ಬುತ್ತಿ ಬಿಚ್ಚಲೇ ಆಗಲಿಲ್ಲ. ತಲೆ ಸಿಡಿಯುತ್ತಾ ಮನೆಗೆ ಬಂದರೆ ಪಕ್ಕದ ಮನೆಯಾಕೆ ಬಾಗಿಲಲ್ಲೇ ಹೇಳಿದಳು: “ಬೆಳಿಗ್ಗೆ ಕಾಪಿ ಕೊಟ್ಟೆನಾ, ಲೋಟ ಜಾರಿ ಸ್ವಲ್ಪ ಚೆಲ್ಲಿಬಿಡ್ತು. ಸುಟ್ಟುಬಿಡ್ತಾ ಅಕ್ಕಾ ಅಂತ ಕೇಳಿದೆ. ಸೆಂದಾಕಿವ್ನಿ ಅಂತ ಅದನ್ನ ಒತ್ತಿದ್ರು. ನಕ್ಕರು ಕೂಡ.”

ಒಳಗೆ ಅಮ್ಮ ಬಲಗೈಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಸರಿಸಿದೆ. ಮುಂಗೈಯಿಂದ ಬೆರಳಿನವರೆಗೆ ಕೆಂಪಗೆ ಬೆಂದು ಬೊಬ್ಬೆ ಎದ್ದಿತ್ತು. ಬೆಳಿಗ್ಗೆಯಿಂದ! ಪಕ್ಕದವಳ ಮನಸ್ಸು ನೋಯಬಾರದೆಂದು ಬೆಳಿಗ್ಗೆಯಿಂದ ಹಾಗೇ ಕೂತಿದ್ದಳು.

ನನಗೆ ಬಂದ ಸಿಟ್ಟು ಇಷ್ಟಲ್ಲ. “ನೋವು ಅಂತ ಇಲ್ಲೇ ಇಟ್ಟಿವ್ನಲ್ಲಮ್ಮಾ! ಒಂದ್ ಪುಟ ಸರಿಸಿದ್ರೆ ಐತೆ. ಒತ್ತಕ್ಕೇನಾಗಿತ್ತು ನಿಂಗೆ?” ಎಂದು ಕಿರುಚಿದೆ. ಅವಳ ಮೇಲಿನದಕ್ಕಿಂತ ನನ್ನ ಮೇಲೆಯೇ ಸಿಟ್ಟು ಹೆಚ್ಚಾಗಿತ್ತು. ಮೊದಲಾದರೆ ನೋವು ಮುಚ್ಚಿಕೊಳ್ಳುವುದಕ್ಕೆ ಅವಳಿಗೆ ಸೆರಗೊಂದೇ ಇತ್ತು. ನಾನು ಕೂತು, ಫೋಟೋ ತೆಗೆದು, ಒಳ್ಳೆಯ ದನಿ ಹುಡುಕಿ, ಸುಳ್ಳು ಹೇಳಲು ಒಂದು ಬಟನ್ನೇ ಮಾಡಿಕೊಟ್ಟಿದ್ದೆ. ಟ್ಯಾಬ್ಲೆಟ್ ಕೈಗೆತ್ತಿಕೊಂಡು, ಅವಳ ನಗುವ ಮುಖದ ಮೇಲೆ ಬೆರಳಿಟ್ಟು ಒತ್ತಿ ಹಿಡಿದೆ. ಅಳಿಸಬೇಕೆ ಎಂದು ಕೇಳಿತು. ಹೌದು ಎನ್ನುವಷ್ಟರಲ್ಲಿ ಅಮ್ಮನ ಎಡಗೈ ಬಂದು ನನ್ನ ಕೈಯನ್ನು ಬದಿಗೆ ಸರಿಸಿತು. ಅವಳು ಮೊದಲ ಚಿತ್ರವನ್ನು ಒತ್ತಿದಳು.

‘ಉಂಡ್ಯಾ?’

ಈ ಪ್ರಶ್ನೆಗೆ ನಾನು ಜೀವನವಿಡೀ ಕೊಟ್ಟಿರುವುದು ಒಂದೇ ಉತ್ತರ, ‘ಊಂ, ಆಯ್ತಮ್ಮ.’ ಉಂಡಿದ್ದರೂ ಅದೇ, ಇಲ್ಲದಿದ್ದರೂ ಅದೇ. ಆವತ್ತೂ ಅದೇ ಬಾಯಿಗೆ ಬಂದಿತ್ತು. ಅವಳ ಕೈ ನೋಡಿದೆ. ಬೊಬ್ಬೆ ಬೆಳಕಿಗೆ ಹೊಳೆಯುತ್ತಿತ್ತು.

“ಇಲ್ಲಮ್ಮ” ಎಂದೆ. “ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ನಂಗೆ ಒಟ್ಟೆ ಅಸೀತೈತೆ. ತಲೆ ನೋಯ್ತೈತೆ. ಸಾಕಾಗೋಗೈತೆ ನಂಗೆ.”

ಹೇಳುತ್ತಲೇ ಅಳು ಬಂತು. ಇಷ್ಟು ವಯಸ್ಸಾದ ಮೇಲೆ ಅಮ್ಮನ ಮುಂದೆ ಹಾಗೆ ಅಳಲು ನಾಚಿಕೆಯೂ ಆಯಿತು. ಅಮ್ಮ ಈ ಸಲ ಟ್ಯಾಬ್ಲೆಟ್ಟನ್ನು ಮುಟ್ಟಲಿಲ್ಲ. ಸುಟ್ಟ ಬಲಗೈಯನ್ನು ಎಡಗೈಯಿಂದ ಮೆಲ್ಲಗೆ ಎತ್ತಿ, ನನ್ನ ಮಡಿಲಲ್ಲಿ ಇಟ್ಟಳು.