ದಿಲ್ಲಿಗೆ ಹೋಗದ ಪೆಟ್ಟಿಗೆ

ಮೊನ್ನೆ ಪಕ್ಕದ ಮನೆಯ ಚಾಚಿ ಕರೆದರೆಂದು ಹೋಗಿ ಹಳೆಯ ಪೆಟ್ಟಿಗೆಯೊಂದರ ಮೊಳೆ ಕಿತ್ತೆ. ಮುಚ್ಚಳ ಎತ್ತಿದೊಡನೆ ತೌಡಿನ ಕಮಟು ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಉಸ್ತಾದರು ನೆನಪಾದರು... ಗ್ರೀಸು ಮೆತ್ತಿದ ಅಂಗಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲು.

ಚಾಚಿಯ ಗಂಡ ಅವರು, ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಭತ್ತ ಸುಲಿಯುವ ಪುಟ್ಟ ಯಂತ್ರವೊಂದನ್ನು ಮನೆಯಲ್ಲೇ ಮಾಡಿದ್ದರು. ಹಿಡಿಕೆ ತಿರುಗಿಸಿದರೆ ಅಕ್ಕಿ ಇಡಿಯಾಗಿ ಬೀಳುತ್ತಿತ್ತು, ನುಚ್ಚು ಕಡಿಮೆ. ದಿಲ್ಲಿಯ ರಾಷ್ಟ್ರೀಯ ಕೈಗಾರಿಕಾ ಪ್ರದರ್ಶನಕ್ಕೆ ಅದು ಆಯ್ಕೆಯಾಯಿತು. ಬಣ್ಣದ ಮರಗೆಲಸಕ್ಕೆ ಹೆಸರಾದ ಕಿನ್ನಾಳದಲ್ಲಿ ಪೆಟ್ಟಿಗೆ ಮಾಡಿಸಿ, ಹೂಬಳ್ಳಿ ಬರೆಸಿ, ದಿಲ್ಲಿಯಲ್ಲಿ ಸುಲಿದು ತೋರಿಸಲೆಂದು ಯಂತ್ರದ ಜೊತೆ ಒಂದು ಸೇರು ಹೊಸ ಭತ್ತವನ್ನೂ ಒಳಗಿಟ್ಟು ಮೊಳೆ ಹೊಡೆದರು. ಅರ್ಜಿ ಬರೆದುಕೊಟ್ಟವನು ನಾನೇ, ಓಣಿಯ ಇಂಗ್ಲಿಷ್ ಮಾಸ್ತರ.

ಹೋಗಲು ಹದಿನೈದು ದಿನವಿರುವಾಗ ದಿಲ್ಲಿಯಿಂದ ಇಂಗ್ಲಿಷಿನಲ್ಲಿ ಕಾಗದ ಬಂತು. ದೇಶದ ಆರ್ಥಿಕ ಪರಿಸ್ಥಿತಿ ಹದಗೆಟ್ಟಿದೆ, ಹಣ ಕೊಡಬೇಕಿದ್ದ ಕಂಪನಿಗಳು ಹಿಂದೆ ಸರಿದಿವೆ, ಪ್ರದರ್ಶನ ರದ್ದಾಗಿದೆ. ಅದೇ ವಾರ ಗಿರಣಿಯೂ ಬಾಗಿಲು ಹಾಕಿ ಉಸ್ತಾದರ ಕೆಲಸ ಹೋಗಿತ್ತು.

"ಏನ್ ಬರದಾರ್ರಿ ಮಾಸ್ತರ?"

ಆ ಮುಖ ನೋಡಿ ಕಾಗದ ಮಡಚಿ ಕಿಸೆಗಿಟ್ಟೆ.

"ತಾರೀಖು ಮುಂದ ಹೋಗೇತ್ರಿ, ಉಸ್ತಾದರ."

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಹೇಳಿದ್ದು ಒಂದೇ. ಮರುವರ್ಷ ಕನಕಗಿರಿ ಕಡೆಯ ಗಿರಣಿ ಮಾಲೀಕರೊಬ್ಬರು ಯಂತ್ರ ನೋಡಲು ಮನೆಗೇ ಬಂದರು, ಹಿಡಿಸಿದರೆ ಇಂಥವೇ ಹತ್ತು ಮಾಡಿಸುತ್ತೇವೆ ಎಂದರು. ಉಸ್ತಾದರು ಒಪ್ಪಲಿಲ್ಲ.

"ಮೊದಲ ದಿಲ್ಲಿಯಾಗ ತೆರೀತೀನ್ರಿ. ಅಲ್ಲೀತನಾ ಮೊಳಿ ಮುಟ್ಟಂಗಿಲ್ಲ."

ನಾನು ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಆಮೇಲೆ ಅವರು ಸೈಕಲ್ ಪಂಕ್ಚರ್ ಹಾಕುತ್ತ ಕೂತರು. ಕಂಡಾಗಲೆಲ್ಲ ತಾರೀಖು ಬಂತೇನ್ರಿ ಎಂದು ಕೇಳುತ್ತಿದ್ದರು. ಬರುಬರುತ್ತ ನಾನೇ ಬೇರೆ ದಾರಿ ಹಿಡಿದು ಸಾಲೆಗೆ ಹೋಗತೊಡಗಿದೆ... ಹೋದ ವರ್ಷ ಅವರು ತೀರಿಕೊಂಡರು.

ಪೆಟ್ಟಿಗೆಯೊಳಗಿನ ಭತ್ತವನ್ನೆಲ್ಲ ಹುಳ ತಿಂದು ಬರೀ ಹೊಟ್ಟು ಉಳಿದಿತ್ತು. ಹಿಡಿಕೆ ತಿರುಗಿಸಿದೆ. ರಬ್ಬರಿನ ಉರುಳೆಗಳು ಒಂದಕ್ಕೊಂದು ಅಂಟಿಕೊಂಡು ಕದಲಲಿಲ್ಲ. ಇನ್ನು ತಡೆಯಲಾಗದೆ ಚಾಚಿಗೆ ಎಲ್ಲ ಹೇಳಿಬಿಟ್ಟೆ.

ಅವರು ಅಂಗೈಯಲ್ಲಿ ಹೊಟ್ಟು ಹಿಡಿದು ಬೆರಳಿನಿಂದ ಹೊಸಕಿದರು.

"ಅವತ್ತ ಹೇಳಿದ್ರ, ಆ ಗಿರಣಿಯವರಿಗಾದ್ರೂ ತೋರಸ್ತಿದ್ರಲ್ರಿ, ಮಾಸ್ತರ."

ಬೈದಿದ್ದರೆ ಹಗುರಾಗುತ್ತಿತ್ತು. ಅವರು ನನಗೆ ಚಹಾ ಇಡಲು ಒಳಗೆ ಹೋದರು.